ಎಡಗೈ ಗವಸು

1961 ಅಕ್ಟೋಬರ್ 14, ಶನಿವಾರ

ನೈಋತ್ಯ ಗಾಳಿ. ಬೆಳಿಗ್ಗೆ ಮಳೆ, ಆಮೇಲೆ ಬರೀ ಮೋಡ. ಟಗರುಗಳನ್ನು ಬೇಲಿಯೊಳಗೆ ಹಾಕಿದೆ. ದೊಡ್ಡದು ಹಾಯ್ದಿತು, ಮೊಣಕಾಲು ಊದಿದೆ. ಪೋಸ್ಟಿನ ದೋಣಿ ತಡ. ಹಿಟ್ಟಿನ ಮೂಟೆ ನೆನೆದುಬಂದಿತ್ತು, ಅದಕ್ಕೂ ಗೆಳೆಯ ಮೊನ್ಸ್ ನನ್ನನ್ನೇ ಬೈದ. ದೋಣಿ ತಂಗುವ ದಕ್ಕೆ ನೋಡಿಕೊಳ್ಳುವವನು ನಾನು ನಿಜ. ಮಳೆ ನೋಡಿಕೊಳ್ಳುವವನಲ್ಲ.

ಸಂಜೆ ಹೆಂಡತಿ ಯೊರುನ್ ರೇಡಿಯೋದಲ್ಲಿ ಬಂದಳು. ಹೋದ ತಿಂಗಳು ಬರ್ಗೆನ್‌ಗೆ ಹೋಗಿ ಓದಿ ಬಂದಿದ್ದಳು — ಎರಡನೇ ಪುಸ್ತಕದ ಪದ್ಯಗಳು. ನಾನು, ಅವಳಮ್ಮ ಬ್ರೀತಾ, ನಮ್ಮ ಮಗಳು ಓಡ್ನಿ ಪೆಟ್ಟಿಗೆಯ ಮುಂದೆ ಕೂತೆವು. ಯೊರುನ್ ಕೂರಲಿಲ್ಲ. ಅಡುಗೆಮನೆಯಲ್ಲಿ ನಮಗೆ ಬೆನ್ನು ಮಾಡಿ ಆಲೂಗೆಡ್ಡೆ ಸುಲಿಯುತ್ತಿದ್ದಳು. ಪೆಟ್ಟಿಗೆಯೊಳಗೂ ಅವಳು, ಬೆನ್ನ ಹಿಂದೆಯೂ ಅವಳು. ಬ್ರೀತಾ ಹೆಣಿಗೆ ನಿಲ್ಲಿಸಿ ಕೇಳಿದಳು. ಆ ಹೆಂಗಸು ಹೆಣಿಗೆ ನಿಲ್ಲಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮುಗಿದ ಮೇಲೆ ಬ್ರೀತಾ ಅಂದಳು, "ಸ್ಪಷ್ಟವಾಗಿ ಕೇಳಿಸ್ತು."

ನಾನೂ ಏನಾದರೂ ಹೇಳಬೇಕಿತ್ತು. ಎದ್ದು ಅಡುಗೆಮನೆಗೆ ಹೋದೆ. "ಇಷ್ಟೊಂದು ಆಲೂಗೆಡ್ಡೆ ಯಾರಿಗೆ?" ಅಂದೆ.

ಅಕ್ಟೋಬರ್ 16

ದಕ್ಕೆಯಲ್ಲಿ ಜನ. ರೇಡಿಯೋದ ಮಾತು ಒಬ್ಬರೂ ಎತ್ತಲಿಲ್ಲ. ಯೊರುನ್ ಪಾರ್ಸೆಲ್ ತೆಗೆದುಕೊಳ್ಳಲು ಬಂದವಳು ಅದು ಕೈಗೆ ಬಂದಮೇಲೂ ಹೊರಡಲಿಲ್ಲ. ಕೊನೆಗೆ ಮೊನ್ಸ್ ತಾನಾಗಿಯೇ ಅಂದ, "ಶನಿವಾರ ನಮ್ಮನೇಲಿ ಬ್ಯಾಟರಿ ಇಳಿದುಹೋಗಿತ್ತು ಮಾರಾಯ್ತಿ." ಮಾಲೆನಾ ಚಿಕ್ಕಮ್ಮನಿಗೆ ಹಸುವಿನ ಕಾಲು ನೋಡಬೇಕಿತ್ತಂತೆ. ಶಾಲೆಯ ಮೇಷ್ಟರ ಮನೆಯಲ್ಲೂ ಬ್ಯಾಟರಿಯೇ. ಸ್ಕಾರ್ವೊಯ್ ದ್ವೀಪದ ಬ್ಯಾಟರಿಗಳೆಲ್ಲ ಒಟ್ಟಿಗೆ ಮಾತಾಡಿಕೊಂಡು ಇಳಿದಹಾಗಿದೆ.

ಯೊರುನ್ ನಕ್ಕಳು. ಮನೆಗೆ ಬರುವ ದಾರಿಯಲ್ಲಿ ನಗಲಿಲ್ಲ.

ನವೆಂಬರ್ 3

ಪುಸ್ತಕದ ದೋಣಿ ಬಂತು. ಹಗ್ಗ ಕಟ್ಟಿದೆ. ತೇಲುವ ಲೈಬ್ರರಿ ಅದು, ವರ್ಷಕ್ಕೆ ಎರಡು ಸಲ ಬರುತ್ತದೆ, ಶರತ್ತಿನಲ್ಲೊಮ್ಮೆ, ವಸಂತದಲ್ಲೊಮ್ಮೆ. ಮಕ್ಕಳಿಗೆ ಬೊಂಬೆಯಾಟ ಇತ್ತು. ದೊಡ್ಡವರು ಚೀಲ ಹಿಡಿದು ಒಳಗೆ ಹೋಗಿ, ಚೀಲ ಹಿಡಿದು ಹೊರಗೆ ಬಂದರು.

ಯೊರುನ್ ಎಸ್ ಅಕ್ಷರದ ಕಪಾಟಿನ ಮುಂದೆ ನಿಂತಿದ್ದು ಕಿಟಕಿಯಿಂದ ಕಾಣಿಸಿತು. ಅಲ್ಲಿ ಇರಬೇಕಾದದ್ದು 'ಯೊರುನ್ ಸ್ಕಾರ್ವೊಯ್' ಎಂಬ ಹೆಸರಿನ ಪುಸ್ತಕ. ಇರಲಿಲ್ಲ. ಹೋದ ಸಲವೂ ಇರಲಿಲ್ಲ. ದೋಣಿಯ ಲೈಬ್ರರಿಯವರು ಹೆಲ್ಲೆ ಎಂಬ ಹೆಂಗಸು. ಅವರನ್ನು ಕೇಳಬಹುದಿತ್ತು. ಯೊರುನ್ ಕೇಳುವವಳಲ್ಲ. ನನ್ನ ಪುಸ್ತಕ ಇದೆಯಾ ಎಂದು ಬಾಯಿಬಿಟ್ಟು ಕೇಳುವುದಕ್ಕಿಂತ ದಕ್ಕೆಯಿಂದ ಹಾರುವುದು ಅವಳಿಗೆ ಸುಲಭ.

"ಸಿಗಲಿಲ್ವಾ?" ಅಂದೆ.

"ಏನು?" ಅಂದಳು. ಕೈಯಲ್ಲಿ ಕೋಳಿ ಸಾಕಣೆಯ ಪುಸ್ತಕ. ನಮ್ಮಲ್ಲಿ ಕೋಳಿ ಇಲ್ಲ.

1962 ಫೆಬ್ರವರಿ 9

ಬ್ರೀತಾ ಇಂದು ಬೆಳಿಗ್ಗೆ ಹೋದಳು. ನಿದ್ದೆಯಲ್ಲಿ. ಹೆಣಿಗೆ ಮಡಿಲಲ್ಲೇ ಇತ್ತು — ಒಂದು ಗವಸು, ಬಲಗೈದು, ಹೆಬ್ಬೆರಳು ಬಾಕಿ.

1964 ಏಪ್ರಿಲ್ 21

ಉತ್ತರ ಗಾಳಿ, ಬಿಸಿಲು. ಕುರಿ ಮರಿ ಹಾಕುತ್ತಿವೆ. ಒಂದು ಅವಳಿ.

ಓಸ್ಲೋದಿಂದ ಪ್ಯಾಕೆಟ್. ಯೊರುನ್‌ಳ ಮೂರನೇ ಪುಸ್ತಕ. ಬೂದು ಕವರ್. ಒಂದನ್ನು ಕಿಟಕಿಯ ಹಲಗೆಯ ಮೇಲಿಟ್ಟಳು, ಉಳಿದದ್ದು ಸ್ವೆಟರ್ ಪೆಟ್ಟಿಗೆಗೆ. ಯಾರಿಗೂ ಕೊಡುವುದಿಲ್ಲ. ಕೊಟ್ಟರೆ ಓದು ಎಂದ ಹಾಗಾಗುತ್ತದಂತೆ.

ಬೇರೆಯವರ ಹೆಂಡಂದಿರು ಪದ್ಯ ಎಲ್ಲಿ ಬರೆಯುತ್ತಾರೋ ಗೊತ್ತಿಲ್ಲ. ಇವಳು ಕಟ್ಟುವುದು ಹಾಲು ಕರೆಯುವಾಗ. ಕೊಟ್ಟಿಗೆಯ ಗೋಡೆಯ ಈಚೆ ನಾನು ಹುಲ್ಲು ಜೋಡಿಸುತ್ತಿರುತ್ತೇನೆ. ಬಕೆಟಿಗೆ ಹಾಲು ಬೀಳುವ ಸದ್ದು ಸುರ್ರ್ ಸುರ್ರ್ ಎಂದು ಬರುತ್ತಿರುತ್ತದೆ — ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಸಾಲು ಸಿಕ್ಕಿತು ಎಂದು ಅರ್ಥ. ನಾನೂ ಕೈ ನಿಲ್ಲಿಸುತ್ತೇನೆ, ಹುಲ್ಲಿನ ಸದ್ದಿಗೆ ಅದು ಹಾರಿಹೋಗದಿರಲಿ ಎಂದು. ಮದುವೆಯಾದ ಮೊದಲ ವರ್ಷ ಹೀಗೆ ನಿಂತಾಗ ಹಸು ಒದೆಯಿತೇನೋ ಎಂದು ಓಡಿಹೋಗಿದ್ದೆ. ಸಿಟ್ಟಿನಿಂದ ನೋಡಿದಳು. ಆಮೇಲೆ ವಾರಪತ್ರಿಕೆಯಲ್ಲಿ ಅವಳ ಮೊದಲ ಪದ್ಯ ಬಂದಾಗ ಗೊತ್ತಾಯಿತು. ಬರ್ಗೆನ್‌ನಲ್ಲಿ ಮನೆಗೆಲಸಕ್ಕಿದ್ದಾಗ ಯಜಮಾನರ ಪುಸ್ತಕಗಳ ಧೂಳು ಒರೆಸುತ್ತ ಓದಿದವಳು. ಒರೆಸಲು ಬಹಳ ಹೊತ್ತು ತೆಗೆದುಕೊಳ್ಳುತ್ತಾಳೆಂದು ಬೈಸಿಕೊಂಡವಳು. ನಾನು ಓದಿದ್ದು ಪಂಚಾಂಗ ಮಾತ್ರ. ನನ್ನನ್ನು ಯಾಕೆ ಒಪ್ಪಿದಳೋ ಇವತ್ತಿಗೂ ತಿಳಿಯದು.

ಏಪ್ರಿಲ್ 23

ಪುಸ್ತಕ ಜೇಬಿನಲ್ಲಿಟ್ಟುಕೊಂಡು ದೋಣಿಮನೆಗೆ ಹೋದೆ. ಪೀಪಾಯಿಯ ಮೇಲೆ ಕೂತು ಓದಿದೆ. ಹನ್ನೊಂದನೇ ಪುಟ —

ಕಡಲು ಅಪ್ಪನನ್ನು ಇಟ್ಟುಕೊಂಡಿತು,
ಎಡಗೈ ಗವಸನ್ನು ಮಾತ್ರ ಹಿಂದಕ್ಕೆ ಕೊಟ್ಟಿತು.
ಅಮ್ಮ ಪ್ರತಿ ಚಳಿಗಾಲ ಬಲಗೈಗೊಂದು ಹೆಣೆಯುತ್ತಾಳೆ,
ಜೋಡಿಯಾಗಲೆಂದು.
ವಸಂತದಲ್ಲಿ ಬಿಚ್ಚಿ ಉಂಡೆ ಕಟ್ಟುತ್ತಾಳೆ.

ಅತ್ತುಬಿಟ್ಟೆ. ಬರೆಯಲು ನಾಚಿಕೆ, ಆದರೆ ಇದನ್ನು ಯಾರು ನೋಡುತ್ತಾರೆ. ಬ್ರೀತಾ ಹೆಣೆದದ್ದು, ಬಿಚ್ಚಿದ್ದು ಎರಡನ್ನೂ ಹದಿನಾರು ವರ್ಷ ಒಂದೇ ಸೂರಿನಡಿ ನೋಡಿದವನು ನಾನು. ನೂಲು ಉಳಿಸುತ್ತಿದ್ದಾಳೆ ಅಂದುಕೊಂಡಿದ್ದೆ.

ಊಟದ ಹೊತ್ತಿಗೆ ಯೊರುನ್ ಕೇಳಿದಳು. ತಟ್ಟೆ ನೋಡುತ್ತಲೇ ಕೇಳಿದಳು.

"ಓದಿದ್ಯಾ?"

"ಹ್ಞೂಂ."

"ಹೇಗಿದೆ?"

"ಅಷ್ಟೇನೂ ಕೆಟ್ಟದ್ದಲ್ಲ."

ನಮ್ಮಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮೊನ್ಸ್ ಹೊಸ ದೋಣಿ ಕಟ್ಟಿಸಿದಾಗಲೂ, ಓಡ್ನಿ ಹುಟ್ಟಿದಾಗಲೂ ಎಲ್ಲರೂ ಇದನ್ನೇ ಅಂದದ್ದು. ಆದರೂ ಅವಳ ಮುಖ ನೋಡಿದಾಗ ಇದು ಸಾಲದು ಅನಿಸಿತು. ಬೇರೆ ಮಾತು ಹುಡುಕಿದೆ. ಅಷ್ಟರಲ್ಲಿ ಮೀನಿನ ತಟ್ಟೆ ಎತ್ತಿಕೊಂಡು ಹೋಗಿದ್ದಳು.

ಜೂನ್ 2

ಓಸ್ಲೋ ಪತ್ರಿಕೆಯಲ್ಲಿ ಅವಳ ಪುಸ್ತಕದ ಬಗ್ಗೆ ಅರ್ಧ ಪುಟ. ಬಹಳ ಒಳ್ಳೆಯದೇ ಬರೆದಿದ್ದಾರೆ. ಯೊರುನ್ ಒಂದು ಸಲ ಓದಿದಳು. "ಇವರು ಯಾರೂ ಒಂದು ದಿನ ಮೀನು ಸೀಳಿದವರಲ್ಲ," ಅಂದಳು. ಪತ್ರಿಕೆ ಚೀಸ್ ಕಟ್ಟಲು ಹೋಯಿತು. ಆ ಪುಟವನ್ನು ನಾನು ಎತ್ತಿಟ್ಟುಕೊಂಡೆ.

1965 ಮಾರ್ಚ್ 11

ಹಿಮ. ಕೊಟ್ಟಿಗೆಯಲ್ಲಿ ಹಾಲಿನ ಸದ್ದು ಬೆಳಿಗ್ಗೆ ಎರಡು ಸಲ ನಿಂತಿತು, ಸಂಜೆ ಒಂದು ಸಲ. ಒಳ್ಳೆಯ ದಿನ.

1966 ನವೆಂಬರ್ 5

ಪಶ್ಚಿಮ ಗಾಳಿ, ಜೋರು.

ನಾಲ್ಕನೇ ಪುಸ್ತಕದ ಪ್ರತಿ ತಯಾರಾಗಿತ್ತು. ಟೈಪು ಮಾಡಿ, ದಾರ ಕಟ್ಟಿ, ನಾಳಿನ ಪೋಸ್ಟಿಗೆಂದು ಮೇಜಿನ ಮೇಲಿಟ್ಟಿದ್ದಳು. ಇವತ್ತು ಪುಸ್ತಕದ ದೋಣಿ ಬಂತು. ಹೋದಳು. ಎಸ್ ಕಪಾಟು. ಬಂದಳು. ಕೋಟು ಬಿಚ್ಚುವ ಮೊದಲೇ ಮೇಜಿನ ಮೇಲಿದ್ದ ಕಟ್ಟನ್ನು ಎತ್ತಿ ಸ್ವೆಟರ್ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಳ ಹಾಕಿದಳು.

"ಮಳೆ ಬರುತ್ತೆ," ಅಂದಳು. "ಬಟ್ಟೆ ತೆಗೀಬೇಕು."

1967 ಅಕ್ಟೋಬರ್ 29

ಆ ಕಟ್ಟು ಪೆಟ್ಟಿಗೆಗೆ ಹೋಗಿ ವರ್ಷವಾಗುತ್ತ ಬಂತು. ಕೊಟ್ಟಿಗೆಯಲ್ಲಿ ಹಾಲಿನ ಸದ್ದು ನಿಲ್ಲುವುದೇ ಇಲ್ಲ. ಮೊದಲಿನಿಂದ ಕೊನೆಯವರೆಗೆ ಒಂದೇ ಸಮ. ಬಕೆಟ್ ಬೇಗ ತುಂಬುತ್ತದೆ. ಇಷ್ಟು ಕೆಟ್ಟ ಸದ್ದು ನಾನು ಕೇಳಿಲ್ಲ.

1968 ಫೆಬ್ರವರಿ 18

ಓಸ್ಲೋದ ಪ್ರಕಾಶಕರಿಂದ ಮತ್ತೆ ಪತ್ರ. ಪುಸ್ತಕ ಎಲ್ಲಿ ಎಂದು. ಜೂನ್ ಕೊನೆಯ ಮಧ್ಯಬೇಸಿಗೆ ಹಬ್ಬದೊಳಗೆ ಕಳಿಸಿದರೆ ಶರತ್ತಿಗೆ ಬರುತ್ತದಂತೆ, ಇಲ್ಲವಾದರೆ ಇಲ್ಲ ಎಂದು ಬರೆದು ತಿಳಿಸಬೇಕಂತೆ. ಕೇಳಿಯೇಬಿಟ್ಟೆ.

"ಏನು ಬರೀತೀಯಾ ಅವರಿಗೆ?"

"ಇಲ್ಲ ಅಂತ."

"ಯಾಕೆ?"

ಅವಳು ಅಂದದ್ದನ್ನು ಇಲ್ಲಿ ಬರೆದಿಡುತ್ತೇನೆ, ಮರೆಯಬಾರದು.

"ನಾನು ಬರ್ದಿದ್ದು ಇಲ್ಲಿಯವರನ್ನ, ಆನ್‌ಫಿನ್. ಇಲ್ಲಿಯ ಸತ್ತವರನ್ನ, ಇಲ್ಲಿಯ ಹೆಂಗಸರನ್ನ. ಓಸ್ಲೋದವರಿಗೆ ಹಿಡಿಸಿದ್ರೆ ಸಂತೋಷ. ಆದ್ರೆ ಇಲ್ಲಿ ಒಬ್ಬರಿಗೂ ಬೇಡ ಅಂದ್ಮೇಲೆ... ಬೇರೆಯವರ ಮನೆ ಕಿಟಕೀಲಿ ಇಣುಕಿ ನೋಡ್ತಿದ್ದ ಹಾಗಾಯ್ತು ನನ್ನ ಕಥೆ. ಪುಸ್ತಕದ ದೋಣಿಯವರು ಕೂಡ ಇಡಲ್ಲ. ಅವರಿಗಾದ್ರೂ ಗೊತ್ತಿರುತ್ತಲ್ಲ, ಯಾರೂ ಕೇಳಲ್ಲ ಅಂತ."

"ನನಗೆ ಬೇಕು" ಅನ್ನಬೇಕಿತ್ತು. ಮೂರು ಪುಸ್ತಕವೂ ಬಾಯಿಪಾಠವಿದೆ ನನಗೆ. ದೋಣಿಮನೆಯಲ್ಲಿ ಬಲೆ ಹೊಲಿಯುತ್ತ ಹೇಳಿಕೊಳ್ಳುತ್ತೇನೆ. ಅವಳಿಗೆ ಗೊತ್ತಿಲ್ಲ.

ಎದ್ದು ಒಲೆಗೆ ಸೌದೆ ಹಾಕಿದೆ.

ಏಪ್ರಿಲ್ 22, ಸೋಮವಾರ

ಇವತ್ತಿನದನ್ನು ಸಾವಕಾಶವಾಗಿ ಬರೆಯಬೇಕು.

ಪುಸ್ತಕದ ದೋಣಿ ಮಧ್ಯಾಹ್ನ ಬಂತು. ಯೊರುನ್ ಹೋಗಲಿಲ್ಲ, ಕುರಿಮರಿಗೆ ಹಾಲು ಕುಡಿಸುತ್ತಿದ್ದಳು. ಮಾಲೆನಾ ಚಿಕ್ಕಮ್ಮ ದೋಣಿಯಿಂದ ಇಳಿಯುತ್ತಿದ್ದಳು, ಎಪ್ಪತ್ತು ದಾಟಿದ ಮುದುಕಿ, ಕೈಯಲ್ಲಿ ತುಂಬಿದ ಕಾಗದದ ಚೀಲ. ಹಲಗೆ ಜಾರುತ್ತಿತ್ತು. ಚೀಲ ನಾನು ಹಿಡಿದುಕೊಂಡೆ. ತಳ ನೆನೆದಿತ್ತು, ಕಿತ್ತುಬಂತು. ಹೆಣಿಗೆಯ ಮಾದರಿ ಪುಸ್ತಕ ಬಿತ್ತು. ಅದರ ಕೆಳಗಿಂದ ಇನ್ನೊಂದು. ಬೂದು ಕವರ್.

"ಮುಟ್ಬೇಡ!" ಅಂದಳು.

ಅಷ್ಟರಲ್ಲಿ ಎತ್ತಿಕೊಂಡಿದ್ದೆ. ಅಂಚು ಸವೆದಿದೆ. ಬೆನ್ನಿಗೆ ಅಂಟುಪಟ್ಟಿ ಹಾಕಿದ್ದಾರೆ. ಹನ್ನೊಂದನೇ ಪುಟ ತಾನಾಗಿಯೇ ತೆರೆದುಕೊಂಡಿತು.

"ಯೊರುನ್‌ಗೆ ಹೇಳ್ಬೇಡ ಕಣೋ," ಅಂದಳು ಮುದುಕಿ. ಮುಖ ಕೆಂಪಾಗಿತ್ತು, ಕದ್ದು ಸಿಕ್ಕಿಬಿದ್ದವರ ಹಾಗೆ. "ಅವಳಪ್ಪ, ನಮ್ಮನೆಯವರು ಹೋಗಿದ್ದು ಒಂದೇ ದೋಣೀಲಿ. ಬ್ರೀತಾಗೆ ಗವಸಾದ್ರೂ ಬಂತು. ನನಗೆ ಅದೂ ಬರ್ಲಿಲ್ಲ. ಇದನ್ನ ಓದಿದಾಗ... ನನಗೂ ಏನೋ ಬಂದ ಹಾಗಾಗುತ್ತೆ."

"ಹಾಗಾದ್ರೆ ಅವಳಿಗೇ ಹೇಳಿ ಚಿಕ್ಕಮ್ಮ!"

"ಹುಚ್ಚಾ ನಿನಗೆ? ಅವರ ಮನೆ ಸಂಕಟದ ಪುಸ್ತಕ ಓದಿದೀನಿ ಅಂತ ಅವರೆದುರಿಗೇ ಹೇಳ್ಲಾ? ಅವಳು ನಾಚಿಕೊಳ್ಳಲ್ವಾ?"

ಅವಳನ್ನು ಮನೆ ತಲುಪಿಸಿ ದೋಣಿಗೆ ಓಡಿದೆ. ಹೆಲ್ಲೆ ಅವರು ಡಬ್ಬಿ ಜೋಡಿಸುತ್ತಿದ್ದರು. ಟೋಪಿ ತೆಗೆದು ಕೇಳಿದೆ — ಯೊರುನ್ ಸ್ಕಾರ್ವೊಯ್ ಪುಸ್ತಕ ನಿಮ್ಮಲ್ಲಿ ಇದೆಯೇ ಎಂದು.

"ಇದೆ. ಮೂರೂ ಇವೆ. ಒಂದೊಂದೂ ಹಲವು ಪ್ರತಿ."

"ಕಪಾಟಿನಲ್ಲಿ ಯಾವತ್ತೂ ಇರೋದಿಲ್ಲವಲ್ಲ."

"ಈ ದ್ವೀಪದಲ್ಲಿ ಅದು ಕಪಾಟಿಗೆ ಏರೋದೇ ಇಲ್ಲ ನೋಡಿ," ಅಂದರು ಹೆಲ್ಲೆ. "ಒಬ್ಬರು ಚೀಲದಲ್ಲಿ ಮುಚ್ಚಿ ನನ್ನ ಕೈಗೆ ಕೊಡ್ತಾರೆ. ಇನ್ನೊಬ್ಬರು ಮೊದಲೇ ಹೇಳಿರ್ತಾರೆ, ಬೇರೆ ಪುಸ್ತಕದ ಕೆಳಗಿಟ್ಟು ಕೊಡಿ ಅಂತ. ನಿಮ್ಮ ಗೆಳೆಯರು ಮೊನ್ಸ್ ಇದ್ದಾರಲ್ಲ, ಅವರು ಕೌಬಾಯ್ ಕಾದಂಬರಿ ಕೆಳಗೆ. ಆ ಕಾದಂಬರಿ ಏಳು ಸಲ ತಗೊಂಡುಹೋಗಿದಾರೆ, ಓದಿದ ಹಾಗೆ ಕಾಣಲ್ಲ."

"ನೀವು ಅವಳಿಗೆ ಯಾಕೆ ಹೇಳಲಿಲ್ಲ?"

ಹೆಲ್ಲೆಗೆ ಆಶ್ಚರ್ಯವಾಯಿತು. "ಅವರು ಕೇಳಲಿಲ್ಲ," ಅಂದರು.

ದಕ್ಕೆಯ ಮೇಲೆ ಕೂತುಬಿಟ್ಟೆ. ಹಗ್ಗ ಬಿಚ್ಚಲು ಅವರು ಎರಡು ಸಲ ಕೂಗಬೇಕಾಯಿತಂತೆ.

ಏಪ್ರಿಲ್ 23

ಹೇಳಿದೆ. ಬೆಳಿಗ್ಗೆ, ಕಾಫಿಯ ಹೊತ್ತಿಗೆ. ಮಾಲೆನಾಳ ಹೆಸರು ಬಿಟ್ಟು ಉಳಿದದ್ದೆಲ್ಲ. ಊರೆಲ್ಲ ಓದುತ್ತಾರೆ, ಕದ್ದು ಓದುತ್ತಾರೆ, ಕಪಾಟು ಖಾಲಿಯಿರುವುದು ಅದಕ್ಕೇ ಎಂದು.

ಯೊರುನ್ ನನ್ನ ಕೈ ಮೇಲೆ ಕೈ ಇಟ್ಟಳು. ಅವಳು ಹಗಲು ಹೊತ್ತಿನಲ್ಲಿ ಹಾಗೆ ಮಾಡುವುದಿಲ್ಲ.

"ಒಳ್ಳೆಯವನು ನೀನು, ಆನ್‌ಫಿನ್. ಆದ್ರೆ ಸುಳ್ಳು ಹೇಳೋಕೆ ಬರಲ್ಲ ನಿನಗೆ. ನಿನಗೇ ಹಿಡಿಸದೇ ಇದ್ದದ್ದು ಊರಿಗೆಲ್ಲ ಹಿಡಿಸಿತಾ?"

"ನನಗೆ ಹಿಡಿಸ್ಲಿಲ್ಲ ಅಂತ ಯಾರು ಹೇಳಿದ್ರು?"

"ನೀನೇ. ಅಷ್ಟೇನೂ ಕೆಟ್ಟದ್ದಲ್ಲ ಅಂದ್ಯಲ್ಲ."

"ಅದು..." ಅಂದೆ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಹೆಂಡತಿಯ ಎದುರು ನಾಲಿಗೆ ಕಲ್ಲಾಯಿತು. ಅವಳು ಕಪ್ ತೊಳೆಯಲು ಎದ್ದಳು.

ಏಪ್ರಿಲ್ 27

ಮೊನ್ಸ್‌ನನ್ನು ಅವನ ದೋಣಿಮನೆಯಲ್ಲಿ ಹಿಡಿದೆ. ನಿನ್ನ ಕೌಬಾಯ್ ಹೇಗಿದ್ದಾನೆ ಎಂದು ಕೇಳಿದೆ. ಕೆಂಪಾದ. ಸೌದೆಪೆಟ್ಟಿಗೆಯ ಕಡೆ ಕಣ್ಣು ಹೋಯಿತು. ಅಲ್ಲೇ ಇಟ್ಟಿದ್ದಾನೆ ಪುಸ್ತಕ.

"ಒಂದು ಮಾತು ಹೇಳು ಅವಳಿಗೆ," ಅಂದೆ. "ಒಂದೇ ಮಾತು. ಅವಳು ನಿಲ್ಲಿಸಿಬಿಟ್ಟಿದಾಳೆ ಮಾರಾಯ."

"ಮುಖದ ಮೇಲೇ ಹೊಗಳೋದಾ?" ಅಂದ. "ನಾಯೀನ ಹೊಗಳ್ತಾರೆ, ಕುದುರೇನ ಹೊಗಳ್ತಾರೆ. ಹೆಂಗಸನ್ನ ನಿಲ್ಲಿಸ್ಕೊಂಡು ಹೊಗಳ್ತಾರಾ? ಅದೂ ಇನ್ನೊಬ್ಬನ ಹೆಂಡ್ತೀನ! ನೀನು ಗಂಡ ಅಲ್ವಾ, ನೀನೇ ಹೇಳು."

"ನಾನು ಹೇಳಿದ್ರೆ ನಂಬಲ್ಲ."

"ಯಾಕೆ ನಂಬಲ್ಲ?"

ಟೋಪಿ ಹಾಕಿಕೊಂಡು ಹೊರಟೆ.

ಮೇಷ್ಟರ ಬಳಿಯೂ ಹೋದೆ. ಅವರು ಮೂರು ಪುಸ್ತಕವನ್ನೂ ದುಡ್ಡು ಕೊಟ್ಟು ತರಿಸಿದ್ದಾರೆ, ಹಾಸಿಗೆ ಪೆಟ್ಟಿಗೆಯಲ್ಲಿವೆ. ನನ್ನಿಂದ ಆಗದು ಎಂದು ಕಣ್ಣೀರು ತುಂಬಿಕೊಂಡು ಹೇಳಿದರು. ಹುಟ್ಟುಹಬ್ಬಕ್ಕೆ ಹಾಡು ಬೇಕಾದರೆ ಬರೆದುಕೊಡುತ್ತಾರಂತೆ. ಜೂನ್ ಹದಿನಾರಕ್ಕೆ ಯೊರುನ್‌ಗೆ ಐವತ್ತು.

ಮೇ 11

ದಕ್ಕೆಗೆ ಹೊಸ ಹಲಗೆ. ಊರವರೆಲ್ಲ ಸೇರಿ ಕೆಲಸ, ನಡುವೆ ಕಾಫಿ. ಹಳೆಯ ದಕ್ಕೆಯನ್ನು ಕಡಲು ಕಿತ್ತುಕೊಂಡು ಹೋದದ್ದು ಮೂವತ್ತೆಂಟರ ಬಿರುಗಾಳಿಯಲ್ಲಿ ಎಂದು ಮಾತಿಗೆ ಅಂದೆ. ಅಷ್ಟೇ. ಸುತ್ತಿಗೆಗಳೆಲ್ಲ ನಿಂತವು.

"ಮೂವತ್ತೇಳು!" ಮೊನ್ಸ್.

"ಮೂವತ್ತೇಳರ ಜನವರಿ," ಮೇಷ್ಟರು.

"ಮೂವತ್ತೆಂಟರಲ್ಲಿ ಎಲ್ಲಿಂದ ಬರುತ್ತೆ? ಆಗ ಹೊಸ ದಕ್ಕೆ ಆಗಿಹೋಗಿತ್ತು!" ಕಾಫಿ ತಂದ ಮಾಲೆನಾ ಚಿಕ್ಕಮ್ಮ ದೂರದಿಂದಲೇ ಕೂಗಿದಳು. ಕಿವಿ ಸರಿಯಾಗಿ ಕೇಳಿಸದ ಮುದುಕಿ!

ಅರ್ಧ ಗಂಟೆ ಚರ್ಚೆ. ಮೊಳೆ ಹಿಡಿದುಕೊಂಡು ನಿಂತೇ ಇದ್ದೆ. ಈ ಜನಕ್ಕೆ ಹೊಗಳಲು ಬಾಯಿ ಬಾರದು, ಸರಿ. ಆದರೆ ಕಣ್ಣೆದುರು ತಪ್ಪೊಂದು ನಡೆದುಹೋಗುವುದನ್ನು ಇವರಲ್ಲಿ ಒಬ್ಬರೂ ತಡೆದುಕೊಳ್ಳಲಾರರು.

ಮನೆಗೆ ಬರುವಾಗ ಸಿಳ್ಳೆ ಹಾಕಿಕೊಂಡು ಬಂದೆನಂತೆ. ಯೊರುನ್ ಕೇಳಿದಳು ಏನು ವಿಷಯ ಎಂದು. ಹಲಗೆ ಚೆನ್ನಾಗಿ ಕೂತಿದೆ ಅಂದೆ.

ಜೂನ್ 13

ಓಲೆಸುಂಡ್‌ನಿಂದ ಓಡ್ನಿ ಬಂದಳು. ಮೂರು ಕೇಕ್ ಆಗಿವೆ. ಅಮ್ಮ ಮಗಳು ಬೆಳಿಗ್ಗೆಯಿಂದ ಆಲೂ ರೊಟ್ಟಿ ತಟ್ಟುತ್ತಿದ್ದಾರೆ. ಪ್ರಕಾಶಕರಿಗೆ ಇಲ್ಲವೆಂದು ಬರೆದ ಪತ್ರ ಗಡಿಯಾರದ ಹಿಂದೆ ನಿಂತಿದೆ, ಸ್ಟಾಂಪ್ ಅಂಟಿಸಿ. ಹುಟ್ಟುಹಬ್ಬ ಮುಗಿದ ಮೇಲೆ ಹಾಕುತ್ತಾಳಂತೆ. ಪೋಸ್ಟಿನ ಚೀಲ ಕಟ್ಟುವವನು ನಾನೇ. ಒಂದು ಕ್ಷಣ ಕೆಟ್ಟ ಯೋಚನೆ ಬಂತು... ಬೇಡ. ಅದು ಅವಳ ಪತ್ರ.

ಐವತ್ತಕ್ಕೆ ಗಂಡ ಎದ್ದು ಭಾಷಣ ಮಾಡಬೇಕು. ತಪ್ಪಿಸಿಕೊಳ್ಳುವ ಹಾಗಿಲ್ಲ. ಕೊಟ್ಟಿಗೆಯಲ್ಲಿ ಹಸುವಿನ ಮುಂದೆ ಅಭ್ಯಾಸ ಮಾಡಿದೆ. ಹಸು ಎದ್ದು ಆಚೆ ಹೋಯಿತು.

ಜೂನ್ 16, ಭಾನುವಾರ

ಬಿಸಿಲು. ಗಾಳಿ ಇಲ್ಲ. ಹುಟ್ಟುಹಬ್ಬದ ಬಾವುಟ ಬೆಳಿಗ್ಗೆಯೇ ಏರಿಸಿದೆ.

ಊರೆಲ್ಲ ಬಂತು. ಕುರ್ಚಿ ಸಾಲದೆ ಮೀನಿನ ಪೆಟ್ಟಿಗೆಗೆ ಬಟ್ಟೆ ಹಾಸಿ ಕೂರಿಸಿದೆವು. ಯೊರುನ್ ನೀಲಿ ಉಡುಪು, ಅವಳಮ್ಮನ ಬೆಳ್ಳಿ ಪಿನ್ನು. ಇಷ್ಟು ಚೆಂದ ಕಾಣುತ್ತಾಳೆಂದು ಹೇಳಬೇಕಿತ್ತು, ಬಾವುಟ ನೆಟ್ಟಗಿದೆಯಾ ಎಂದು ಕೇಳಿದೆ.

ಊಟದ ನಡುವೆ ಮೇಷ್ಟರು ಬರೆದ ಹಾಡು ಹಂಚಿದರು. ಎಲ್ಲರೂ ಹಾಡಿದೆವು. ಒಂದು ನುಡಿ ಅವಳ ಜಾಮ್ ಬಗ್ಗೆ. ಒಂದು ನುಡಿ ಟಗರಿನ ಬಗ್ಗೆ. ಒಂದು ನುಡಿ ಅವಳು ಸೈಕಲ್ ಸಮೇತ ದಕ್ಕೆಯಿಂದ ಬಿದ್ದದ್ದರ ಬಗ್ಗೆ. ಒಂಬತ್ತು ನುಡಿಗಳಲ್ಲಿ ಪುಸ್ತಕ ಎಂಬ ಮಾತು ಒಂದು ಕಡೆಯೂ ಇಲ್ಲ. ಯೊರುನ್ ಎಲ್ಲರೊಡನೆ ನಗುತ್ತ ಹಾಡಿದಳು. ಮಡಿಸಿ ಮಡಿಸಿ ಆ ಹಾಳೆಯನ್ನು ಪುಟ್ಟದು ಮಾಡಿದಳು. ನಾನು ನೋಡುತ್ತಿದ್ದೆ.

ಕಾಫಿಯ ಹೊತ್ತಿಗೆ ಕಪ್ಪಿಗೆ ಚಮಚ ತಟ್ಟಿದೆ. ಎದ್ದು ನಿಂತೆ.

ಯೊರುನ್ ಈ ಮನೆಗೆ ಬಂದದ್ದು, ಓಡ್ನಿ ಹುಟ್ಟಿದ್ದು, ಅಷ್ಟು ಹೇಗೋ ಹೇಳಿದೆ. ಆಮೇಲೆ ಅಂದೆ, "ಇವತ್ತು ಬ್ರೀತಾ ಇರಬೇಕಿತ್ತು. ಅವಳ ಬಗ್ಗೆ ಯೊರುನ್ ಒಂದು ಪದ್ಯ ಬರ್ದಿದಾಳೆ. ಅದನ್ನ ಹೇಳಿ ಕೂತ್ಕೋತೀನಿ."

ಯೊರುನ್ ತಲೆಯೆತ್ತಿದಳು. ಬಿಳಿಚಿಕೊಂಡಳು. ಉಳಿದವರೆಲ್ಲ ತಟ್ಟೆ ನೋಡತೊಡಗಿದರು.

"ಕಡಲು ಅಪ್ಪನನ್ನು ಇಟ್ಟುಕೊಂಡಿತು," ಅಂದೆ. ಉಸಿರು ಎಳೆದುಕೊಂಡೆ. "ಬಲಗೈ ಗವಸನ್ನು ಮಾತ್ರ ಹಿಂದಕ್ಕೆ ಕೊಟ್ಟಿತು..."

"ಎಡಗೈ!"

ಒಂದೇ ಬಾಯಿಗೆ ಬಂತು. ಮಾಲೆನಾ ಚಿಕ್ಕಮ್ಮ, ಮೊನ್ಸ್, ಮೇಷ್ಟರು, ಮೊನ್ಸ್‌ನ ಹೆಂಡತಿ, ಬಾಗಿಲ ಬಳಿ ಪೆಟ್ಟಿಗೆಯ ಮೇಲೆ ಕೂತವರು. ಕೇಕ್ ಬಾಯಲ್ಲಿ ಇಟ್ಟುಕೊಂಡವರೂ.

ನಾನು ಬಿಡಲಿಲ್ಲ. "ಬಲಗೈ ಅಲ್ವಾ?"

"ಎಡಗೈ ಕಣಯ್ಯಾ!" ಮೊನ್ಸ್ ಮೇಜು ಗುದ್ದಿದ. "ಬಲಗೈ ಅಂದ್ರೆ ಮುಂದಿನ ಸಾಲು ಹೇಗೆ ಕೂರುತ್ತೆ? ಅಮ್ಮ ಹೆಣೆಯೋದೇ ಬಲಗೈದು! ಜೋಡಿ ಆಗ್ಲಿ ಅಂತ!"

"ವಸಂತದಲ್ಲಿ ಬಿಚ್ಚಿ ಉಂಡೆ ಕಟ್ಟುತ್ತಾಳೆ," ಅಂದಳು ಮೊನ್ಸ್‌ನ ಹೆಂಡತಿ, ಗಂಡನಿಗೆ ನೆನಪಿಸುವವಳ ಹಾಗೆ.

"ನಾಲ್ಕು ವರ್ಷದಿಂದ ಓದ್ತಿದೀನಿ ನಾನು," ಅಂದಳು ಮಾಲೆನಾ ಚಿಕ್ಕಮ್ಮ, ನನ್ನತ್ತ ಬೆರಳು ತೋರಿಸಿ. "ಹೆಂಡ್ತಿ ಪದ್ಯ ನೆಟ್ಟಗೆ ಹೇಳೋಕ್ಕೆ ಬರಲ್ಲ, ಭಾಷಣ ಬೇರೆ..."

ಅಲ್ಲಿಗೆ ನಿಲ್ಲಿಸಿದಳು. ತಾನು ಏನಂದೆ ಎಂದು ಆಗ ಹೊಳೆಯಿತು. ಎಲ್ಲರಿಗೂ ಹೊಳೆಯಿತು. ಮೊನ್ಸ್ ಕಿವಿಯವರೆಗೂ ಕೆಂಪಾಗಿ, ಇದ್ದಬದ್ದ ಕೇಕನ್ನೆಲ್ಲ ಬಾಯಿಗೆ ತುರುಕಿಕೊಂಡ. ಮೇಷ್ಟರು ಕಿಟಕಿಯಾಚೆ ಹಕ್ಕಿ ನೋಡಿದರು.

ಯೊರುನ್ ಕಾಫಿ ಕೆಟಲ್ ಹಿಡಿದು ನಿಂತಿದ್ದಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರೂ ಅವಳನ್ನು ನೋಡಲಿಲ್ಲ. ಕೊನೆಗೆ ಮಾಲೆನಾ ಚಿಕ್ಕಮ್ಮ ತನ್ನ ಕಪ್ಪನ್ನು ಮುಂದೆ ತಳ್ಳಿದಳು.

"ಕಾಫಿ ಇನ್ನೂ ಇದೆಯಾ?"

"ಇದೆ ಚಿಕ್ಕಮ್ಮ," ಅಂದಳು ಯೊರುನ್. ಸುರಿದಳು. ಅರ್ಧ ತಟ್ಟೆಗೆ ಚೆಲ್ಲಿತು. ಮುದುಕಿ ತಟ್ಟೆಯಿಂದಲೇ ಕುಡಿದಳು, ಇನ್ನೊಂದು ಕೈಯಲ್ಲಿ ಯೊರುನ್‌ಳ ಉಡುಪಿನ ಅಂಚು ಹಿಡಿದುಕೊಂಡು. ಸ್ವಲ್ಪ ಹೊತ್ತು ಬಿಡಲೇ ಇಲ್ಲ.

ಆಮೇಲೆ ಮತ್ತೆ ಜಾಮಿನ ಹಾಡು ಹಾಡಿದರು. ಈ ಸಲ ಬಹಳ ಜೋರಾಗಿ.

ಜೂನ್ 17

ಬೆಳಿಗ್ಗೆ ಪಾತ್ರೆ ಒರೆಸುವಾಗ ಯೊರುನ್ ಅಂದಳು.

"ಆ ಸಾಲು ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಉಳಿದದ್ದು?"

ಹೇಳಿದೆ. ಹನ್ನೊಂದನೇ ಪುಟದ್ದು. ಹನ್ನೆರಡನೆಯದು. ಮೊದಲ ಪುಸ್ತಕದ ಕುರಿಮರಿಯದು, ಎರಡನೆಯದರ ಹಿಮದ್ದು. ಪಾತ್ರೆ ಒರೆಸುತ್ತಲೇ ಹೇಳಿದೆ, ಅವಳನ್ನು ನೋಡಿದ್ದರೆ ಆಗುತ್ತಿರಲಿಲ್ಲ. ನೋಡಿದಾಗ ಅವಳು ಏಪ್ರನ್‌ನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಓಡ್ನಿ ಒಳಗೆ ಬಂದವಳು ಹಾಗೇ ಹಿಂದಕ್ಕೆ ಹೋದಳು.

ಮಧ್ಯಾಹ್ನ ಗಡಿಯಾರದ ಹಿಂದೆ ಪತ್ರ ಇರಲಿಲ್ಲ. ಪೋಸ್ಟಿನ ಚೀಲದಲ್ಲೂ ಇರಲಿಲ್ಲ. ಒಲೆಯಲ್ಲಿ ನೋಡಿದೆ, ಬೂದಿಯಾಗಿತ್ತು. ಸ್ಟಾಂಪ್ ಮಾತ್ರ ಬಿಡಿಸಿಟ್ಟಿದ್ದಾಳೆ. ವ್ಯರ್ಥ ಮಾಡುವವಳಲ್ಲ.

ಜೂನ್ 20

ದಾರ ಕಟ್ಟಿದ ಪ್ರತಿಯನ್ನು ನಾನೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ. ಎರಡು ಗಂಟು ಹಾಕಿದೆ. ಮೊನ್ಸ್ ಪಕ್ಕದಲ್ಲಿ ನಿಂತಿದ್ದ. ವಿಳಾಸ ಓದಿದ. "ಹ್ಞಾಂ," ಅಂದ. ಆಮೇಲೆ, "ಹೋಗೋದು ತಡ ಆಗ್ಬಾರ್ದು. ಮಳೆಗೆ ಹಾಕ್ಬೇಡ ಈ ಸಲ."

ಜೂನ್ 23, ಮಧ್ಯಬೇಸಿಗೆಯ ಹಿಂದಿನ ದಿನ, ಸಂಜೆ

ಬಿಸಿಲು ಇನ್ನೂ ಇದೆ. ದಂಡೆಯಲ್ಲಿ ಬೆಂಕಿ ಹಾಕಲು ಹುಡುಗರು ಸೌದೆ ಒಟ್ಟುತ್ತಿದ್ದಾರೆ.

ಹಾಲು ಕರೆಯಲು ಹೋಗುವ ಮುನ್ನ ಯೊರುನ್ ಒಂದು ಹಾಳೆ ಈ ದಿನಚರಿ ಪುಸ್ತಕದ ಮೇಲಿಟ್ಟು ಹೋದಳು. ಹೊಸದು. ಇನ್ನೂ ಯಾರೂ ಓದಿಲ್ಲ. ಇಷ್ಟು ವರ್ಷದಲ್ಲಿ ಅಚ್ಚಾಗುವ ಮೊದಲು ನನ್ನ ಕೈಗೆ ಕೊಟ್ಟದ್ದು ಇದೇ ಮೊದಲು. ಓದಿದೆ. ಗೋಡೆಯ ಆಚೆ ಹಾಲು ಕರೆಯುವ ಹೆಂಗಸು, ಈಚೆ ಹುಲ್ಲು ಜೋಡಿಸುವ ಗಂಡಸು. ಅವಳ ಕೈ ನಿಂತಾಗ ಅವನ ಕೈಯೂ ನಿಲ್ಲುತ್ತದೆ. ಅವನು ಅಲ್ಲಿ ಉಸಿರು ಹಿಡಿದು ನಿಂತಿದ್ದಾನೆಂದು ಅವಳಿಗೆ ಮೊದಲಿನಿಂದಲೂ ಗೊತ್ತು. ಆ ಮೌನಕ್ಕಾಗಿಯೇ ಅವನನ್ನು...

ಮತ್ತೆ ಓದಿದೆ. ಕನ್ನಡಕ ಒರೆಸಿಕೊಂಡೆ.

ಕೊಟ್ಟಿಗೆಯಿಂದ ಹಾಲಿನ ಸದ್ದು ಕೇಳುತ್ತಿತ್ತು. ಈಗ ನಿಂತಿದೆ. ಸಾಲು ಸಿಕ್ಕಿರಬೇಕು. ಇಲ್ಲ, ಹೆಜ್ಜೆ ಸದ್ದು. ಬಾಗಿಲಲ್ಲಿ ನಿಂತಿದ್ದಾಳೆ, ಬಕೆಟ್ ಕೈಯಲ್ಲೇ ಇದೆ.

"ಓದಿದ್ಯಾ? ಹೇಗಿದೆ?" ಅನ್ನುತ್ತಿದ್ದಾಳೆ.

ಏಳುತ್ತಿದ್ದೇನೆ. ಅಷ್ಟೇನೂ ಕೆಟ್ಟದ್ದಲ್ಲ ಎಂದು ಈ ಸಲ ಅನ್ನುವುದಿಲ್ಲ. ಅವಳ ಮುಖ ನೋಡಿಕೊಂಡೇ ಹೇಳುತ್ತೇನೆ. ಯೊರುನ್, ನನಗೆ—